ವಿಷಾನಿಲ ಸೋರಿದರೆ ಓಡಬೇಕಾ, ಮನೆಯೊಳಗೇ ಇರಬೇಕಾ?

ಗಾಳಿ ಎತ್ತ ಬೀಸುತ್ತಿದೆ, ನೀವು ಎಷ್ಟು ದೂರದಲ್ಲಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಸುಮ್ನೆ ಓಡುವುದೇ ಕೆಲವೊಮ್ಮೆ ಜಾಸ್ತಿ ಅಪಾಯ.

ಭೋಪಾಲ್ ನೋಡಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಟ್ಯಾಂಕಿಗೆ ನೀರು ಸೇರಿತು. ಒಳಗಿದ್ದ ಮೀಥೈಲ್ ಐಸೋಸಯನೇಟ್ ಎಂಬ ವಿಷ ರಾಸಾಯನಿಕ ಕಾದು ಕುದಿದು, ಸುಮಾರು 40 ಟನ್ ಹೊರಬಂತು. ಗಾಳಿಗಿಂತ ಭಾರ, ಹಾಗಾಗಿ ನೆಲಕ್ಕಂಟಿಕೊಂಡೇ ಗುಡಿಸಲುಗಳಿಗೆ ನುಗ್ಗಿತು. ಮೆಣಸಿನಕಾಯಿ ಸುಟ್ಟ ಹಾಗೆ ಕಣ್ಣುರಿ, ಕೆಮ್ಮು. ಜನ ಓಡಿದರು. ಓಡಿದಷ್ಟೂ ಏದುಸಿರು, ಏದುಸಿರು ಹೆಚ್ಚಿದಷ್ಟೂ ವಿಷ ಒಳಗೆ. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯಿರಿ ಎಂದು ಸಮಯಕ್ಕೆ ಹೇಳುವವರೇ ಇರಲಿಲ್ಲ. ಇಷ್ಟು ಸಣ್ಣ ಮಾತು, ಅಲ್ವಾ?

ಹೊರಗಿದ್ದರೆ ಗಾಳಿಗೆ ಅಡ್ಡಲಾಗಿ ಸರಿಯಿರಿ, ಅದು ಬೀಸುವ ದಿಕ್ಕಿಗೆ ಓಡಬೇಡಿ. ದಾರಿ ಕಾಣದಿದ್ದರೆ ಮನೆಯೊಳಗೆ ಹೋಗಿ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ, ಎಸಿ, ಎಕ್ಸಾಸ್ಟ್ ಫ್ಯಾನ್ ಆರಿಸಿ. ಕ್ಲೋರಿನ್‌ನಂಥ ಭಾರದ ಅನಿಲವಾದರೆ ಮಹಡಿ ಹತ್ತುವುದು ಒಳ್ಳೆಯದು.

ಇನ್ನೊಂದು: ಬಟ್ಟೆ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಬೇಕೆಂದೇ ಸರಿನ್ ಎಂಬ ನರಗಳನ್ನು ಕೆಡಿಸುವ ವಿಷ ಬಿಟ್ಟಾಗ, ರೋಗಿಗಳ ಬಟ್ಟೆಯಿಂದ ಎದ್ದ ಆವಿ ಆಸ್ಪತ್ರೆ ಸಿಬ್ಬಂದಿಗೂ ತಾಗಿತು. ಹಾಗಾಗಿ ಮೈಮೇಲಿನ ಬಟ್ಟೆಯನ್ನು ಮೊದಲು ಕಳಚಿ ಚೀಲದಲ್ಲಿ ಕಟ್ಟಿಡಿ, ಆಮೇಲೆ ಸೋಪು ಹಚ್ಚಿ ಮೈ ತೊಳೆಯಿರಿ.