ಮುಳ್ಳಯ್ಯನಗಿರಿ ಇಳಿಯುವಾಗ ಹೊಸ ಸೆರಾಮಿಕ್ ಬ್ರೇಕ್ ಪ್ಯಾಡ್ ಹಿಡಿಯದಿದ್ದರೆ

ಪ್ಯಾಡ್ ಇನ್ನೂ ಡಿಸ್ಕಿಗೆ, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆಗೆ, ಹೊಂದಿಕೊಂಡಿರಲಿಲ್ಲ, ಬಹುಶಃ ಅದೇ ಕಾರಣ. ಹಾಕಿಸಿದ ಮರುದಿನವೇ ಮುಳ್ಳಯ್ಯನಗಿರಿ ಇಳಿದೆ, ಸುಟ್ಟ ವಾಸನೆ ಬಂತು, ಬ್ರೇಕ್ ಹಿಡಿಯಲಿಲ್ಲ ಎಂದಿದ್ದೀರಲ್ವಾ? ಸೆರಾಮಿಕ್ ನಾರು, ಲೋಹದ ಎಳೆ, ಒಂದಿಷ್ಟು ಪುಡಿಗಳನ್ನು ಅಂಟಿನ ಹಾಗೆ ಹಿಡಿದಿಡುವ ಫೀನಾಲಿಕ್ ರಾಳದ ಜೊತೆ ಬೆರೆಸಿ, ಬಿಸಿ ಅಚ್ಚಿನಲ್ಲಿ ಒತ್ತಿ ಈ ಪ್ಯಾಡ್ ಮಾಡುತ್ತಾರೆ. ಹೊಸದರಲ್ಲೇ ಜಾಸ್ತಿ ಕಾದರೆ ರಾಳದಿಂದ ಅನಿಲ ಹೊರಟು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿಕೊಳ್ಳುತ್ತದೆ, ಹಿಡಿತ ತಪ್ಪುತ್ತದೆ.

ಪೆಡಲ್ ಹೇಗಿತ್ತು, ನೆನಪಿಸಿಕೊಳ್ಳಿ. ಗಟ್ಟಿಯಾಗಿದ್ದರೆ ತಪ್ಪು ಪ್ಯಾಡಿನದು. ಮೆತ್ತಗೆ ಒಳಕ್ಕೆ ಹೋಗುತ್ತಿದ್ದರೆ ಬ್ರೇಕ್ ಫ್ಲೂಯಿಡ್, ಅಂದರೆ ಪೆಡಲ್ ಒತ್ತಡವನ್ನು ಚಕ್ರಕ್ಕೆ ಸಾಗಿಸುವ ದ್ರವ, ಕುದಿದಿರಬಹುದು. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ, ನೀರು ಹೀರಿಕೊಂಡರೆ 155ರ ಹತ್ತಿರ ಇಳಿದುಬಿಡುತ್ತದೆ. ಗಾಡಿ ನೋಡದೆ ಎರಡರಲ್ಲಿ ಯಾವುದು ಎಂದು ಖಚಿತವಾಗಿ ಹೇಳಲಾರೆ.

ಮೊದಲು ಚಕ್ರ ಬಿಚ್ಚಿಸಿ. ಪ್ಯಾಡಿನ ಮುಖ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅಂಚಲ್ಲಿ ಬಿರುಕಿದ್ದರೆ ಬದಲಿಸಿ. ಫ್ಲೂಯಿಡ್ ಎರಡು ವರ್ಷ ಹಳೆಯದಾದರೆ ಅದನ್ನೂ ಬದಲಿಸಿ. ಆಮೇಲೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ ಹತ್ತಾರು ಸಲ ವೇಗ ಇಳಿಸಿ. ಪೂರ್ತಿ ನಿಲ್ಲಿಸಬೇಡಿ, ನಡುನಡುವೆ ತಣಿಯಲು ಬಿಡಿ. ಪ್ಯಾಡಿನ ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ.

ಕಾರ್ಬನ್ ಸೆರಾಮಿಕ್ ಡಿಸ್ಕ್ ಹಾಕಿಸಲಾ ಎಂದು ಕೇಳಿದ್ದೀರಿ. ಬೇಡ, ಸುಮ್ನೆ ದುಡ್ಡು ದಂಡ. ಅದು ಬೇರೆಯದೇ ವಸ್ತು. ಕಾರ್ಬನ್ ನಾರು, ರಾಳದ ಅಚ್ಚನ್ನು ಗಾಳಿಯಿಲ್ಲದೆ ಸುಟ್ಟು ಇಂಗಾಲ ಮಾಡಿ, 1414 ಡಿಗ್ರಿಗೆ ಕರಗುವ ಸಿಲಿಕಾನನ್ನು ಅದರ ರಂಧ್ರಗಳಿಗೆ ಇಳಿಸುತ್ತಾರೆ. ಒಳಗೆ ಸಿಲಿಕಾನ್ ಕಾರ್ಬೈಡ್ ಎಂಬ ತುಂಬಾ ಗಟ್ಟಿ ವಸ್ತು ಆಗುತ್ತದೆ. ದುಬಾರಿ ಸ್ಪೋರ್ಟ್ಸ್ ಕಾರಿಗೆ ಸರಿ.

ಮುಂದಿನ ಸಲ ಎರಡನೇ ಗೇರಿನಲ್ಲೇ ಇಳಿಯಿರಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬರಬೇಡಿ.