ಬೇಸ್ ಗಿಟಾರಲ್ಲಿ 60ರ ಸ್ಟೈಲ್ ಪ್ರಿಸಿಷನ್ ತಗೊಳ್ಳೋದಾ, 70ರ ಸ್ಟೈಲ್ ಜಾಜ್ ಬೇಸ್ ತಗೊಳ್ಳೋದಾ? ತಗೊಂಡ್ಮೇಲೆ ಪಿಕಪ್ (ತಂತಿ ಅಲುಗಾಟ ಹಿಡಿದು ಆಂಪ್‌ಗೆ ಸಿಗ್ನಲ್ ಕಳ್ಸೋ ಮ್ಯಾಗ್ನೆಟ್ ಭಾಗ) ಬದಲಾಯಿಸ್ಲೇಬೇಕಾ?

ನೀವು ಬಂಗಾರಪೇಟೆ, ಭಾನುವಾರ ಚರ್ಚಲ್ಲಿ ನುಡಿಸ್ತೀರ, ಸೀಸನ್ನಲ್ಲಿ ಆರ್ಕೆಸ್ಟ್ರಾ ಜೊತೆ ಹೋಗ್ತೀರ, ಸ್ಕ್ವಾಯರ್ (ಫೆಂಡರ್ ಕಂಪನಿಯ ಕಮ್ಮಿ ಬೆಲೆಯ ಬ್ರ್ಯಾಂಡು) ಕ್ಲಾಸಿಕ್ ವೈಬ್‌ನಲ್ಲಿ ಎರಡು ಮಾಡೆಲ್ ನೋಡಿಟ್ಕೊಂಡಿದೀರ, ಫ್ರೆಂಡ್ ಬೇರೆ "ತಗೊಂಡ ದಿನಾನೇ ಪಿಕಪ್ ಕಿತ್ತಾಕಿ ಆಲ್ನಿಕೋ ಹಾಕ್ಸು" ಅಂತ ತಲೆ ತಿಂತಿದಾರೆ. ನಾನು ಕೋಲಾರದೋನು, ರಸಮಂಜರಿ ಪ್ರೋಗ್ರಾಮ್‌ಗಳಲ್ಲಿ ಬೇಸ್ ನುಡಿಸ್ತೀನಿ, ಎರಡೂ ತರದ್ದು ಸ್ಟೇಜ್ ಮೇಲೆ ನುಡ್ಸಿದೀನಿ. ನಿಮ್ ಕೆಲಸಕ್ಕೆ ಪ್ರಿಸಿಷನ್ನೇ ತಗೊಳ್ಳಿ, ಪಿಕಪ್ ಸದ್ಯಕ್ಕೆ ಮುಟ್ಟಕ್ಕೇ ಹೋಗ್ಬೇಡಿ.

ಮೊದ್ಲು ಆ ಆಲ್ನಿಕೋ ವಿಷಯ ಮುಗಿಸಿಬಿಡೋಣ. ಕ್ಲಾಸಿಕ್ ವೈಬ್ ಸೀರೀಸಲ್ಲಿ ಬರೋದೇ ಆಲ್ನಿಕೋ ಪಿಕಪ್ಪು, ಅಲ್ಯೂಮಿನಿಯಂ ನಿಕಲ್ ಕೋಬಾಲ್ಟ್ ಸೇರಿಸಿರೋ ಮ್ಯಾಗ್ನೆಟ್ ಅಷ್ಟೇ. ಅದೇ ಕಂಪನಿ ಅಫಿನಿಟಿ ಸೀರೀಸಲ್ಲಿ ಸೆರಾಮಿಕ್ ಮ್ಯಾಗ್ನೆಟ್ ಇರುತ್ತೆ, ನಿಮ್ ಫ್ರೆಂಡು ಬಹುಶಃ ಅದನ್ನ ಮನಸ್ಸಲ್ಲಿಟ್ಕೊಂಡು ಹೇಳಿರ್ಬೇಕು. ಇರೋದನ್ನ ಕಿತ್ತು ಅದನ್ನೇ ಹಾಕ್ಸೋಕೆ ಯಾಕ್ರೀ ದುಡ್ಡು.

ಈಗ ಪ್ರಿಸಿಷನ್ನು. ಫೆಂಡರ್‌ನೋರು 1951ರಲ್ಲಿ ತಂದಾಗ ಇದರಲ್ಲಿ ಒಂದೇ ಸಿಂಗಲ್ ಕಾಯಿಲ್ (ಮ್ಯಾಗ್ನೆಟ್ ಸುತ್ತ ಒಂದೇ ತಂತಿ ಸುರುಳಿ ಇರೋ ಪಿಕಪ್ಪು) ಇತ್ತು, 1957ರಲ್ಲಿ ಅದನ್ನ ಎರಡು ತುಂಡು ಮಾಡಿ ಒಂದನ್ನ ಸ್ವಲ್ಪ ಮುಂದೆ ಒಂದನ್ನ ಸ್ವಲ್ಪ ಹಿಂದೆ ಕೂರ್ಸಿದ್ರು, ಇವತ್ತಿಗೂ ಪಿ ಬೇಸ್ ಅಂದ್ರೆ ಕಣ್ಮುಂದೆ ಬರೋದು ಅದೇ. ಒಂದು ತುಂಡು ಇ ಮತ್ತು ಎ ತಂತಿಗೆ, ಇನ್ನೊಂದು ಡಿ ಮತ್ತು ಜಿ ತಂತಿಗೆ. ಎರಡನ್ನೂ ಒಂದಕ್ಕೊಂದು ಉಲ್ಟಾ ಸುತ್ತಿ, ಮ್ಯಾಗ್ನೆಟ್ಟೂ ಉಲ್ಟಾ ಇಟ್ಟಿರ್ತಾರೆ, ಹಾಗಾಗಿ ಹೊರಗಿಂದ ಬರೋ ಗುಂಯ್ ಅನ್ನೋ ಸದ್ದು ಎರಡರಲ್ಲೂ ವಿರುದ್ಧವಾಗಿ ಬಂದು ಒಂದನ್ನೊಂದು ಹೊಡೆದಾಕುತ್ತೆ, ತಂತಿ ಸದ್ದು ಮಾತ್ರ ಪೂರ್ತಿ ಹೋಗುತ್ತೆ. ಒಂದು ವಾಲ್ಯೂಮು, ಒಂದು ಟೋನು, ಮುಗೀತು.

ಜಾಜ್ ಬೇಸ್ 1960ರದ್ದು. ಎರಡು ಸಿಂಗಲ್ ಕಾಯಿಲ್ ಪಿಕಪ್ಪು, ಒಂದೊಂದಕ್ಕೂ ಬೇರೆ ವಾಲ್ಯೂಮು. ಎರಡೂ ವಾಲ್ಯೂಮ್ ಫುಲ್ ಇಟ್ರೆ ಇದೂ ಸೈಲೆಂಟೇ, ಯಾಕಂದ್ರೆ ಎರಡೂ ಸೇರಿ ಅದೇ ಉಲ್ಟಾ ಆಟ ಆಡ್ತವೆ. ಆದ್ರೆ ಜಾಜ್ ತಗೊಳ್ಳೋರು ತಗೊಳ್ಳೋದೇ ಒಂದನ್ನ ಏರ್ಸಿ ಇನ್ನೊಂದನ್ನ ಇಳ್ಸಿ ಟೋನ್ ಹುಡುಕೋಕೆ, ಇಳ್ಸಿದ ತಕ್ಷಣ ಗುಂಯ್ ಶುರು. ಅಂಗಡೀಲೇ ಪರೀಕ್ಷೆ ಮಾಡ್ನೋಡಿ: ತಂತಿಗಳ ಮೇಲೆ ಕೈ ಇಟ್ಕೊಂಡು ಎರಡೂ ವಾಲ್ಯೂಮ್ ನಾಬ್ ಪೂರ್ತಿ ಏರ್ಸಿ, ಆಮೇಲೆ ಬ್ರಿಡ್ಜ್ (ಬಾಡಿ ಮೇಲೆ ತಂತಿಗಳ ತುದಿ ಕೂರೋ ಭಾಗ) ಕಡೆ ಪಿಕಪ್ಪಿನ ನಾಬ್ ನಿಧಾನಕ್ಕೆ ಇಳ್ಸಿ, ಸದ್ದು ಹೆಂಗೆ ಮೇಲೇಳುತ್ತೆ ಕೇಳ್ಸುತ್ತೆ. ಹಂಗೇ ಗಿಟಾರ್ ಹಿಡ್ಕೊಂಡು ನಿಂತಲ್ಲೇ ಒಂದು ಸುತ್ತು ತಿರುಗಿ, ಒಂದು ದಿಕ್ಕಲ್ಲಿ ಜಾಸ್ತಿ ಇನ್ನೊಂದು ದಿಕ್ಕಲ್ಲಿ ಕಮ್ಮಿ ಆದ್ರೆ ಅದು ಪಿಕಪ್ಪೇ ಹಿಡೀತಿರೋದು. ತಂತಿ ಮುಟ್ಟಿದಾಗ ಕಮ್ಮಿಯಾಗಿ ಕೈ ತೆಗೆದಾಗ ಜಾಸ್ತಿ ಆದ್ರೆ ಅದು ಶೀಲ್ಡಿಂಗ್, ಗ್ರೌಂಡ್ ವಿಷಯ, ಅದು ಬೇರೆ ಕಥೆ.

ನಮ್ ಕಡೆ ಸ್ಟೇಜ್ ಹೆಂಗಿರುತ್ತೆ ನಿಮಗೇ ಗೊತ್ತಲ್ಲ. ಗಣೇಶನ ಪೆಂಡಾಲು, ತಲೆ ಮೇಲೆ ಸೀರಿಯಲ್ ಸೆಟ್ಟು, ಪಕ್ಕದಲ್ಲಿ ಜನರೇಟರು, ಲೈಟಿನೋನ ಡಿಮ್ಮರು, ಎಲ್ಲಾ ಒಂದೇ ಲೈನಿಂದ. ನಮ್ ಕರೆಂಟು 50 ಹರ್ಟ್ಜ್, ಬೇಸಲ್ಲಿ ಇ ತಂತಿ ಮೂರನೇ ಫ್ರೆಟ್ಟಿನ (ನೆಕ್ ಮೇಲಿನ ಅಡ್ಡ ಪಟ್ಟಿ) ಜಿ ನೋಟು 49 ಹರ್ಟ್ಜ್, ಅಂದ್ರೆ ಆ ಗುಂಯ್ ಅನ್ನೋದು ಒಂಚೂರು ಶ್ರುತಿ ತಪ್ಪಿದ ಜಿ, ಹಾಡು ಯಾವ ಸ್ಕೇಲಲ್ಲಿದ್ರೂ ಕೆಳಗೆ ಕೂತ್ಕೊಂಡು ಕೊರೀತಿರುತ್ತೆ. ಈಕ್ವಲೈಜರಲ್ಲಿ ಕಟ್ ಮಾಡೋಕೆ ಹೋದ್ರೆ ಬೇಸಿನ ಹೊಟ್ಟೇನೇ ಹೋಗುತ್ತೆ. ಇಂಥ ಜಾಗದಲ್ಲಿ ಪ್ರಿಸಿಷನ್ ಪಿಕಪ್ಪು ದೇವರು ಕಣ್ರೀ. ಹಾಂ, ಮೈಕಿಗೆ ತುಟಿ ತಾಗಿದ್ರೆ ಚುರ್ ಅನ್ನುತ್ತೆ ಅಂದ್ರೆ ಅದನ್ನ ಯಾವ ಪಿಕಪ್ಪೂ ಸರಿ ಮಾಡಲ್ಲ, ಅರ್ಥಿಂಗ್ ಸರಿ ಇಲ್ಲ ಅಂತರ್ಥ, ನಿಮ್ ತಂತಿಗಳು ಆಂಪ್ ಮೂಲಕ ಆ ಅರ್ಥ್ ಲೈನಿಗೇ ಸೇರಿರ್ತವೆ, ಎಲೆಕ್ಟ್ರಿಷಿಯನ್ ಬಂದು ಚೆಕ್ ಮಾಡೋ ತನಕ ಗಿಟಾರ್ ಕೈಗೆ ತಗೋಬೇಡಿ.

ಎರಡನೇ ಕಾರಣ ಮಿಕ್ಸು. ಜಾಜಲ್ಲಿ ಎರಡೂ ಪಿಕಪ್ ಒಟ್ಟಿಗೆ ಏರ್ಸಿದ್ರೆ ತಂತೀನ ಎರಡು ಕಡೆಯಿಂದ ಕೇಳಿಸ್ಕೊಂಡಂಗೆ ಆಗಿ ಮಧ್ಯದ ಸದ್ದು ಒಂಚೂರು ತಗ್ಗುತ್ತೆ, ಒಬ್ರೇ ಮನೇಲಿ ನುಡ್ಸುವಾಗ ಎಷ್ಟು ಚೆಂದ ಅಂತೀರ, ಆದ್ರೆ ಪ್ಯಾಡು, ಡೋಲಕ್ಕು, ಕೀಬೋರ್ಡು ಎಲ್ಲಾ ಒಟ್ಟಿಗೆ ನುಗ್ಗಿದ್ರೆ ಕಾಣ್ಸೋದೇ ಇಲ್ಲ. ಪ್ರಿಸಿಷನ್‌ಗೆ ಆ ಕೆಳ ಮಧ್ಯದಲ್ಲೇ ಗುದ್ದು ಜಾಸ್ತಿ, ಅದು ಒಬ್ಬಂಟಿಯಾಗಿ ಕೇಳಿದ್ರೆ ಒರಟು ಅನ್ಸುತ್ತೆ, ಬ್ಯಾಂಡಲ್ಲಿ ಸರಿಯಾಗಿ ಕೂರುತ್ತೆ. (ಕೀಬೋರ್ಡಿನೋರಿಗೆ ಎಡಗೈ ಸ್ವಲ್ಪ ಮೇಲೆತ್ತಕ್ಕೆ ಹೇಳಿ, ಬೇಸ್ ಇಲ್ದೆ ನುಡ್ಸಿ ನುಡ್ಸಿ ಅವರಿಗೆ ಕೆಳಗಿನ ನೋಟು ಹಿಡಿಯೋ ಅಭ್ಯಾಸ, ಇಬ್ರೂ ಅಲ್ಲೇ ಇದ್ರೆ ಬರೀ ಕೆಸರು.)

ಜಾಜ್ ಕೆಟ್ಟದ್ದು ಅಂತಲ್ಲ. ಬ್ರಿಡ್ಜ್ ಕಡೆ ಇರೋ ಹಿಂದಿನ ಪಿಕಪ್ಪಲ್ಲಿ ಬರೋ ಆ ಮೂಗಿನ ದನಿ ಪ್ರಿಸಿಷನಲ್ಲಿ ಬರೋದೇ ಇಲ್ಲ, ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ 1962ರ ಜಾಜಲ್ಲಿ ಫ್ರೆಟ್ ಇಲ್ದೆ ನುಡ್ಸಿದ್ದು ಅದನ್ನೇ. 70ರ ಸ್ಟೈಲು ಅಂದ್ರೆ ಇನ್ನೊಂದು ವಿಷಯ: ಫೆಂಡರ್‌ನೋರು 70ರ ದಶಕದಲ್ಲಿ ಆ ಹಿಂದಿನ ಪಿಕಪ್ಪನ್ನ ಸುಮಾರು ಅರ್ಧ ಇಂಚು ಬ್ರಿಡ್ಜ್ ಕಡೆ ತಳ್ಳಿದ್ರು, ಸದ್ದು ಇನ್ನೂ ಚುರುಕು, ಸ್ಲಾಪ್ (ಹೆಬ್ಬೆರಳಲ್ಲಿ ತಂತಿ ಹೊಡೆದು ನುಡ್ಸೋದು) ಮಾಡೋರಿಗೆ ಹಬ್ಬ. ಬ್ರಿಡ್ಜ್ ಹತ್ರ ಬೆರಳಿಟ್ಟು ಮೀಟಿ ನೋಡಿ, ಜಾಗ ಬದಲಾದ್ರೆ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತೆ, ಮ್ಯಾಗ್ನೆಟ್ ಯಾವ್ದು ಅನ್ನೋದು ಇದರ ಮುಂದೆ ಏನೂ ಅಲ್ಲ. ಕೈ ಚಿಕ್ಕದಾದ್ರೆ ಜಾಜಿನ ನೆಕ್ ಸುಲಭ, ನಟ್ (ನೆಕ್ಕಿನ ತುದೀಲಿ ತಂತಿ ಕೂರೋ ಪಟ್ಟಿ) ಹತ್ರ ಅಗಲ 38 ಮಿಮೀ, ಹಳೇ ಪ್ರಿಸಿಷನ್ 44 ತನಕ ಇರುತ್ತೆ. ಸ್ಕೇಲು, ಅಂದ್ರೆ ನಟ್ಟಿಂದ ಬ್ರಿಡ್ಜ್ ತನಕ ತಂತಿ ಉದ್ದ, ಎರಡಕ್ಕೂ 34 ಇಂಚೇ.

ಪಿಕಪ್‌ಗೆ ಇಟ್ಕೊಂಡಿರೋ ದುಡ್ಡಲ್ಲಿ ಒಂದು ಸೆಟ್ ಫ್ಲಾಟ್‌ವೂಂಡ್ ತಂತಿ ತಗೊಳ್ಳಿ, ಮೇಲೆ ಚಪ್ಪಟೆ ಪಟ್ಟಿ ಸುತ್ತಿರೋ ನುಣುಪು ತಂತಿ ಅದು. ಹಳೇ ಸದ್ದು ಅಂತ ಎಲ್ರೂ ಹುಡುಕೋದು ಅರ್ಧಕ್ಕಿಂತ ಜಾಸ್ತಿ ಅಲ್ಲಿರೋದು, ಅಮೆರಿಕದ ಇನ್ನೊಬ್ರು ಬೇಸ್ ವಾದಕ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನಲ್ಲಿ ಫ್ಲಾಟ್‌ವೂಂಡೇ ಹಾಕ್ಕೊಂಡು, ಬ್ರಿಡ್ಜ್ ಹತ್ರ ಸ್ಪಂಜು ಇಟ್ಕೊಂಡು ನುಡಿಸ್ತಿದ್ರು. ಸ್ಪಂಜು ಮನೇಲೇ ಇರುತ್ತೆ, ತಂತಿ ಕೆಳಗೆ ತುರುಕಿ ನೋಡಿ, ನೋಟು ಠಣ್ ಅಂತ ಎಳೀದೆ ಧಪ್ ಅಂತ ನಿಲ್ಲುತ್ತೆ, ಹಳೇ ಸಿನಿಮಾ ಹಾಡುಗಳಿಗೆ ಅದೇ ಬೇಕು.

ಆಮೇಲೆ ಪಿಕಪ್ ಎತ್ತರ. ತಂತೀನ ಕೊನೇ ಫ್ರೆಟ್ಟಲ್ಲಿ ಒತ್ತಿ ಹಿಡ್ಕೊಂಡು ಪಿಕಪ್ಪಿಗೂ ತಂತಿಗೂ ಎಷ್ಟು ಗ್ಯಾಪು ನೋಡಿ, ಇ ಕಡೆ ಮೂರು ಮಿಮೀ ಹತ್ರ, ಜಿ ಕಡೆ ಎರಡೂವರೆ ಹತ್ರ ಇಟ್ಕೊಂಡು ಅಲ್ಲಿಂದ ಕಿವೀಲಿ ಕೇಳ್ತಾ ಸ್ಕ್ರೂ ತಿರುಗ್ಸಿ. ಸದ್ದು ಜಾಸ್ತಿ ಬರ್ಲಿ ಅಂತ ತುಂಬಾ ಮೇಲೆತ್ತಿದ್ರೆ ಮ್ಯಾಗ್ನೆಟ್ಟು ತಂತೀನ ಎಳ್ಕೊಂಡು ನೋಟು ಅಲ್ಲಾಡುತ್ತೆ, ಬೇಗ ಸಾಯುತ್ತೆ.

ಇಷ್ಟೆಲ್ಲಾ ಆಗಿ ಒಂದು ಸೀಸನ್ ನುಡ್ಸಿದ್ಮೇಲೂ ಪಿಕಪ್ಪೇ ಸರಿ ಇಲ್ಲ ಅನ್ಸಿದ್ರೆ ಆವಾಗ ಬದಲಾಯ್ಸಿ, ಪ್ರಿಸಿಷನ್ ಪಿಕಪ್ಪು ಸಾಮಾನ್ಯವಾಗಿ ಒಂದೇ ಸೈಜು, ಬೆಸುಗೆ ಹಾಕೋಕೆ ಬರೋ ಯಾರಾದ್ರೂ ಕೂರಿಸ್ತಾರೆ. ಜಾಜ್ ತಗೊಂಡ್ರೆ ಮಾತ್ರ ಆರ್ಡರ್ ಮಾಡೋ ಮುಂಚೆ ಅಳತೆ ತಗೊಳ್ಳಿ, ಹಿಂದಿನದು ಮುಂದಿನದಕ್ಕಿಂತ ಸಾಮಾನ್ಯವಾಗಿ ಎರಡು ಮಿಮೀ ಉದ್ದ ಇರುತ್ತೆ, ಹಂಗಿದ್ದಾಗ ಒಂದೇ ತರದ್ದು ಎರಡು ತರ್ಸಿದ್ರೆ ಒಂದು ಕೂರಲ್ಲ.