ನಿಮ್ಮ ಲೇಖನ ನಿಂತಲ್ಲಿಂದಲೇ ಪೈಪೋಟಿ ಬಿರುಸಾಗುತ್ತದೆ

ಪ್ರಿಯ ಲೇಖಕರೇ,

ಏರೋಪ್ಲೇನ್ ಚಿಟ್ಟೆಗಳ ಬಗ್ಗೆ ಯಾದಗಿರಿಯಿಂದ ನೀವು ಕಳುಹಿಸಿದ ‘ಭೀಮಾ ತೀರದ ಕೆಂಪು ವೀರರು’ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೂ ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಕಾರಣ ನಿಮ್ಮ ಎರಡನೆಯ ಪುಟ.

ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಸೇಡು, ರಕ್ತ, ಶೌರ್ಯ ಎಂಬ ಮಾತುಗಳನ್ನು ಭೀಮಾ ತೀರದ ಮೇಲೆ ಪತ್ರಿಕೆಗಳು ಹೇರಿದ್ದು ಸಾಕು. ಹುಳುಗಳ ತಲೆಗೂ ಅದನ್ನು ಕಟ್ಟಬೇಡಿ. ಎರಡನೆಯ ಪುಟದಲ್ಲಿ ನೀವು ಕಣ್ಣು ಬಿಟ್ಟು ನೋಡಿದ್ದೀರಿ. ಜೊಂಡಿನ ತುದಿಯಲ್ಲಿ ಕುಳಿತ ಕೆಂಪು ಏರೋಪ್ಲೇನ್ ಚಿಟ್ಟೆ ಇನ್ನೊಂದು ಕೆಂಪು ಚಿಟ್ಟೆಯನ್ನು ಅಟ್ಟಿ, ಮತ್ತೆ ಅದೇ ಜೊಂಡಿಗೆ ಮರಳಿತು ಎಂದಿದ್ದೀರಿ. ಲೇಖನ ಆರಂಭವಾಗಬೇಕಾದದ್ದು ಇಲ್ಲಿ. ಆ ಗಂಡು ಕಾಯುತ್ತಿದ್ದುದು ಮನೆಯನ್ನಲ್ಲ, ಆಹಾರವನ್ನೂ ಅಲ್ಲ; ಮೊಟ್ಟೆಯಿಡಲು ಹೆಣ್ಣುಗಳು ಬರುವ ನೀರಿನ ಅಂಚನ್ನು. ಈ ಕಾರಣವನ್ನು ನೀವು ಎಲ್ಲಿಯೂ ಹೇಳಿಲ್ಲ.

ಆಮೇಲೆ ‘ಬೇರೆ ಜಾತಿಯ ಹಳದಿ ಹುಳುವೊಂದು ನೀರು ಕುಡಿಯಲು ಬಾಲ ಅದ್ದುತ್ತಿತ್ತು, ಕೆಂಪು ವೀರ ಅದನ್ನು ಕ್ಷಮಿಸಿ ಮೇಲೆ ಸುತ್ತುತ್ತಿದ್ದ’ ಎಂದು ಬರೆದು ಮುಗಿಸಿದ್ದೀರಿ. ಹುಳು ಬಾಲದಿಂದ ನೀರು ಕುಡಿಯುತ್ತದೆಯೇ? ನೀವು ನೋಡಿದ್ದು ಬಹುಶಃ ಅದೇ ಜಾತಿಯ ಹೆಣ್ಣು, ಅದು ಮೊಟ್ಟೆಯಿಡುತ್ತಿತ್ತು. ಮೇಲೆ ಸುತ್ತುತ್ತಿದ್ದುದು ಕ್ಷಮೆಯಲ್ಲ, ಕಾವಲು. ಇವುಗಳ ಹತ್ತಿರದ ಬಂಧುವಾದ, ಸಪೂರ ಮೈಯ ಡ್ಯಾಮ್ಸೆಲ್‌ಫ್ಲೈಯ ಒಂದು ಜಾತಿಯಲ್ಲಿ ಅಮೆರಿಕದ ಜೊನಾಥನ್ ವಾಗೆ 1979ರಲ್ಲಿ ತೋರಿಸಿಕೊಟ್ಟ ಸಂಗತಿಯನ್ನು ಕೇಳಿ: ಗಂಡು ಕೂಡುವಾಗ, ಹೆಣ್ಣಿನೊಳಗೆ ಹಿಂದಿನ ಗಂಡು ಬಿಟ್ಟಿದ್ದ ವೀರ್ಯದ ಬಹುಪಾಲನ್ನು ತನ್ನ ಜನನಾಂಗದಿಂದ ಕೆರೆದು ತೆಗೆದು, ಅನಂತರ ತನ್ನದನ್ನು ಬಿಡುತ್ತದೆ. ಹಾಗಾದರೆ ಕೂಡಿದ ಮಾತ್ರಕ್ಕೆ ಗೆದ್ದಂತಾಗಲಿಲ್ಲ. ಮೊಟ್ಟೆ ನೀರಿಗೆ ಬೀಳುವ ಮೊದಲು ಇನ್ನೊಂದು ಗಂಡು ಬಂದರೆ ಇದರ ಪಾಲು ಹೋಯಿತು. ಆ ಸುತ್ತಾಟದ ಹಿಂದೆ ಇಷ್ಟು ದೊಡ್ಡ ಆತಂಕವಿದೆ! ನೀವು ಅದನ್ನು ಕಣ್ಣಾರೆ ಕಂಡೂ ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

‘ದುರ್ಬಲನಿಗೆ ಸಂತಾನವಿಲ್ಲ, ಇದೇ ನಿಸರ್ಗದ ನಿಯಮ’ ಎಂಬ ಸಾಲನ್ನು ಹೊಡೆದುಹಾಕಿ. ಅದು ಸುಳ್ಳು. ನಮ್ಮ ದೇಶದ ಪೊದೆಗಳಲ್ಲೇ ಇರುವ ಒಂದು ಬಗೆಯ ಚಿಮ್ಮಂಡೆಯಲ್ಲಿ ಜೋರಾಗಿ ಹಾಡುವ ಗಂಡೇ ಹೆಣ್ಣಿಗೆ ಇಷ್ಟ. ದನಿ ಸಣ್ಣದಾದ, ಮೈಯೂ ಚಿಕ್ಕದಾದ ಗಂಡು ಎಲೆಯನ್ನು ಕಡಿದು ತೂತು ಮಾಡಿ, ಅದರಲ್ಲಿ ಮೈ ತೂರಿಸಿ ರೆಕ್ಕೆ ಉಜ್ಜುತ್ತದೆ. ಎಲೆಯಿಂದಾಗಿ ದನಿ ಹೆಚ್ಚುತ್ತದೆ, ಹೆಣ್ಣು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಇದನ್ನು 2020ರಲ್ಲಿ ಪ್ರಕಟಿಸಿದರು. ನಿಸರ್ಗದ ನಿಯಮ ಹೇಳುವ ಆತುರ ನಿಮಗೆ ಬೇಡ.

ಮತ್ತೆ ಭೀಮೆಗೆ ಹೋಗಿ. ಬಿಸಿಲೇರಿದ ಮೇಲೆ ಹೋಗಿ, ಆಗಲೇ ಅವು ಚುರುಕು. ಒಂದೇ ಜೊಂಡಿನ ಮುಂದೆ ಕುಳಿತುಕೊಳ್ಳಿ. ಹೆಣ್ಣು ಎತ್ತಲಿಂದ ಬಂತು, ಗಂಡು ಎಷ್ಟು ಹೊತ್ತು ಮೇಲೆ ಸುತ್ತಿತು, ಆ ನಡುವೆ ಇನ್ನೊಂದು ಗಂಡು ನುಗ್ಗಿತೇ, ನುಗ್ಗಿದರೆ ಹೆಣ್ಣು ಏನು ಮಾಡಿತು, ಇವನ್ನು ಬರೆಯಿರಿ. ನಿಮ್ಮ ಲೇಖನದಲ್ಲಿ ಹೆಣ್ಣು ಬರಿಯ ಬಹುಮಾನವಾಗಿ ಉಳಿದಿದೆ. ಜಾತಿಯ ಹೆಸರು ತಿಳಿಯದಿದ್ದರೆ ಬಣ್ಣ, ರೆಕ್ಕೆಯ ಬುಡದ ಕಲೆ, ಕೂರುವ ಭಂಗಿ ಬರೆದು, ಮೊಬೈಲಿನಲ್ಲಿ ತೆಗೆದ ಚಿತ್ರವಿದ್ದರೆ ಜೊತೆಗೆ ಕಳುಹಿಸಿ. ಗುರುತಿಸುವವರು ಇಲ್ಲಿ ಕಲಬುರಗಿಯಲ್ಲಿದ್ದಾರೆ, ನಾನು ಕೇಳಿ ತಿಳಿಸುತ್ತೇನೆ.